ಫಿಲ್ಲಿಂಗ್ ಸವೆತ: ಕಾಂಪೋಸಿಟ್, ಅಮಾಲ್ಗಂ, ಗ್ಲಾಸ್ ಅಯಾನೊಮರ್, ಸೆರಾಮಿಕ್ – ಯಾವ ಹಲ್ಲಿಗೆ ಯಾವುದು?

ಹಲ್ಲಿಗೆ ಹಾಕುವ ವಸ್ತುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸವೆಯುವುದು ಯಾವುದು ಎಂದು ಕೇಳಿದರೆ ಜಿರ್ಕೋನಿಯಾ (ಅತಿ ಗಡಸಾದ ಒಂದು ಸೆರಾಮಿಕ್) ಎಂದು ಹೇಳಿ ಮುಗಿಸಬಹುದು. ಆದರೆ ಆ ಉತ್ತರ ಹಿಡಿದುಕೊಂಡು ಹುಳುಕು ಹಲ್ಲಿನ ಮುಂದೆ ಕೂತರೆ ಹೆಚ್ಚಿನ ಸಲ ಏನೂ ತೀರ್ಮಾನವಾಗುವುದಿಲ್ಲ. ಬಾಯಿಯೊಳಗೆ ಯಾವುದೂ ಒಂಟಿಯಾಗಿ ಸವೆಯುವುದಿಲ್ಲ. ಮೇಲಿನದು ಕೆಳಗಿನದನ್ನು ತೇಯುತ್ತದೆ, ಕೆಳಗಿನದು ಮೇಲಿನದನ್ನು ತೇಯುತ್ತದೆ, ನಡುವೆ ಆಹಾರ ಎರಡನ್ನೂ ತೇಯುತ್ತದೆ.

ಏನೂ ತೊಂದರೆಯಿಲ್ಲದ ಹಲ್ಲು ಕೂಡ ಸವೆಯುತ್ತಲೇ ಇರುತ್ತದೆ. ಎದುರು ಹಲ್ಲು ತಾಗುವ ಜಾಗದಲ್ಲಿ ದವಡೆ ಹಲ್ಲಿನ ಎನಾಮೆಲ್ (ಹೊರಗಿನ ಗಟ್ಟಿ ಪದರ) ವರ್ಷಕ್ಕೆ ಸುಮಾರು 29 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್), ಅದರ ಮುಂದಿರುವ ಪ್ರಿಮೋಲಾರ್‌ನ ಎನಾಮೆಲ್ ಸುಮಾರು 15 ಮೈಕ್ರಾನ್ ಸವೆಯುತ್ತದೆ ಎಂಬ ಅಳತೆ 1989ರಲ್ಲಿ ಪ್ರಕಟವಾಯಿತು. ಇವತ್ತಿಗೂ ಹೋಲಿಕೆಗೆ ಇಟ್ಟುಕೊಳ್ಳುವ ಗೆರೆ ಅದೇ. ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ದವಡೆ ಹಲ್ಲಿನಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗವೂ ಆಗುವುದಿಲ್ಲ. ಫಿಲ್ಲಿಂಗ್ ಈ ವೇಗಕ್ಕೆ ಹತ್ತಿರ ಸವೆದರೆ ಸಾಕು. ತುಂಬ ಬೇಗ ಸವೆದರೆ ಫಿಲ್ಲಿಂಗ್ ತಗ್ಗಾಗುತ್ತದೆ. ತಾನು ಸವೆಯದೆ ಒರಟಾಗಿ ನಿಂತರೆ ಎದುರಿನ ಹಲ್ಲು ಅದರ ಬೆಲೆ ತೆರುತ್ತದೆ.

ಸವೆತ ಬರುವ ದಾರಿಗಳು

ಆಯ್ಕೆಗೆ ಮೊದಲು ಈ ಬಾಯಿಯಲ್ಲಿ ಸವೆತ ಯಾವ ದಾರಿಯಿಂದ ಬರುತ್ತಿದೆ ಎಂದು ನೋಡಬೇಕು. ಎದುರು ಹಲ್ಲು ನೇರವಾಗಿ ತಾಗಿ ಉಜ್ಜುವುದು ಒಂದು. ನಿದ್ದೆಯಲ್ಲಿ ಹಲ್ಲು ಮಸೆಯುವವರಲ್ಲಿ ಇದೇ ಮೇಲುಗೈ. ಸವೆದ ಜಾಗ ಚಪ್ಪಟೆಯಾಗಿ, ಕನ್ನಡಿಯಂತೆ ಹೊಳೆಯುತ್ತದೆ. ಮೇಲಿನ ಗುರುತೂ ಕೆಳಗಿನ ಗುರುತೂ ಒಂದಕ್ಕೊಂದು ಕೂರುತ್ತವೆ. ಇನ್ನೊಂದು, ಜಗಿಯುವಾಗ ಆಹಾರದ ಕಣಗಳು ನಡುವೆ ಸಿಕ್ಕಿ ತೇಯುವುದು. ಇದು ತಾಗದ ಜಾಗವನ್ನೂ ಬಿಡದೆ ಇಡೀ ಮೇಲ್ಮೈಯನ್ನು ಮೆಲ್ಲಗೆ ತಗ್ಗಿಸುತ್ತದೆ. ಒಸಡಿನ ಅಂಚಿನಲ್ಲಿ ಟೂತ್‌ಪೇಸ್ಟ್ ಮಾಡುವುದೂ ಇದೇ ಕೆಲಸ. ಆಮ್ಲದ್ದು ಬೇರೆಯೇ ದಾರಿ: ಹೊಟ್ಟೆಯಿಂದ ಹುಳಿ ಮೇಲೆ ಬರುವುದು, ಪದೇ ಪದೇ ವಾಂತಿ, ದಿನವಿಡೀ ಹೀರುವ ತಂಪು ಪಾನೀಯ. ಇಲ್ಲಿ ಹಲ್ಲು ಕರಗಿ ಹಳೆಯ ಕಾಂಪೋಸಿಟ್ (ರಾಳಕ್ಕೆ ಗಾಜಿನಂಥ ಕಣ ಬೆರೆಸಿದ ಹಲ್ಲಿನ ಬಣ್ಣದ ಫಿಲ್ಲಿಂಗ್) ದ್ವೀಪದಂತೆ ಮೇಲೆದ್ದು ನಿಂತಿರುತ್ತದೆ. ಅಂಥ ಫಿಲ್ಲಿಂಗ್ ಕಂಡರೆ ಅದು ಎತ್ತರವಾಗಿದೆ ಎಂದು ಕೆರೆಯಲು ಹೋಗಬೇಡಿ; ತಗ್ಗಿರುವುದು ಹಲ್ಲು. ಕೊನೆಯದು ದಣಿವು. ಲಕ್ಷಾಂತರ ಸಲ ಒತ್ತಿಸಿಕೊಂಡು ಒಳಗೆ ಕಣ್ಣಿಗೆ ಕಾಣದ ಬಿರುಕು ಬೆಳೆದು, ಒಂದು ದಿನ ಚಕ್ಕೆ ಏಳುತ್ತದೆ.

ಗಡಸುತನದ ಅಂಕಿ ನೋಡಿ ಆರಿಸುವವರಿಗೆ ಒಂದು ಎಚ್ಚರಿಕೆ. ವಿಕರ್ಸ್ ಎಂಬ ಗಡಸುತನದ ಅಳತೆಯಲ್ಲಿ ಎನಾಮೆಲ್ 300ರ ಆಸುಪಾಸು, ಡೆಂಟಿನ್ (ಎನಾಮೆಲ್ ಕೆಳಗಿನ ಪದರ) 50ರಿಂದ 70, ಅಮಾಲ್ಗಂ (ಪಾದರಸ ಬೆರೆಸಿದ ಲೋಹದ ಫಿಲ್ಲಿಂಗ್) 100ಕ್ಕಿಂತ ತುಸು ಮೇಲೆ, ಬಹುಪಾಲು ಕಾಂಪೋಸಿಟ್‌ಗಳು 100ರ ಕೆಳಗೆ, ಜಿರ್ಕೋನಿಯಾ 1,200ರ ಹತ್ತಿರ. ಈ ಸಾಲನ್ನು ನಂಬುವುದಾದರೆ ಅಮಾಲ್ಗಂ ಎನಾಮೆಲ್‌ಗಿಂತ ಮೂರು ಪಟ್ಟು ಬೇಗ ಸವೆಯಬೇಕಿತ್ತು. ಬಾಯಿಯಲ್ಲಿ ಹಾಗಾಗುವುದಿಲ್ಲ, ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ಸಾಗುತ್ತವೆ. ಸವೆತವನ್ನು ನಿರ್ಧರಿಸುವುದು ಮೇಲ್ಮೈಯ ಒರಟುತನ, ಕಣಗಳ ಹಿಡಿತ, ಬಿರುಕು ತಡೆಯುವ ಗುಣ. ಗಡಸುತನದ ಪಾತ್ರ ಚಿಕ್ಕದು.

ಕಾಂಪೋಸಿಟ್: ಡಬ್ಬಿಗಿಂತ ಕೈಕೆಲಸ ದೊಡ್ಡದು

ಕಾಂಪೋಸಿಟ್ ಬೇಗ ಸವೆಯುತ್ತದೆ ಎಂಬ ಮಾತು 1970ರ ದಶಕದಿಂದ ಉಳಿದುಬಂದದ್ದು, ಆಗ ಅದು ನಿಜವೂ ಆಗಿತ್ತು. ಅಂದಿನ ರಾಳದಲ್ಲಿ ಹತ್ತಾರು ಮೈಕ್ರಾನ್ ಗಾತ್ರದ ಸ್ಫಟಿಕದ ಕಣಗಳಿದ್ದವು. ಜಗಿತಕ್ಕೆ ಮೆತ್ತಗಿನ ರಾಳ ಮೊದಲು ಸವೆಯುತ್ತಿತ್ತು, ಕಣ ಹೊರಗೆ ಚಾಚುತ್ತಿತ್ತು, ಆಮೇಲೆ ಬುಡಸಮೇತ ಕಿತ್ತು ಬರುತ್ತಿತ್ತು. ವರ್ಷಕ್ಕೆ 100 ಮೈಕ್ರಾನ್ ಮೀರಿ ಸವೆದ ಫಿಲ್ಲಿಂಗ್‌ಗಳು ಆಗ ಅಪರೂಪವಲ್ಲ. ಈಗಿನ ಮೈಕ್ರೋಹೈಬ್ರಿಡ್, ನ್ಯಾನೋಹೈಬ್ರಿಡ್ ಎಂಬ ಕಾಂಪೋಸಿಟ್‌ಗಳಲ್ಲಿ ಕಣದ ಸರಾಸರಿ ಗಾತ್ರ 1 ಮೈಕ್ರಾನ್‌ಗಿಂತ ಕಡಿಮೆ. ಕಣ ಸಣ್ಣದಾದಷ್ಟೂ ನಡುವಿನ ರಾಳದ ಸಂದು ಕಿರಿದಾಗುತ್ತದೆ, ಆಹಾರದ ಕಣಕ್ಕೆ ಆ ಸಂದಿನೊಳಗೆ ಇಳಿಯಲು ಆಗುವುದಿಲ್ಲ. ಸಾಧಾರಣ ಗಾತ್ರದ ಫಿಲ್ಲಿಂಗ್‌ನಲ್ಲಿ ಇಂದಿನ ಒಳ್ಳೆಯ ಕಾಂಪೋಸಿಟ್‌ನ ಸವೆತ ಎನಾಮೆಲ್‌ನದಕ್ಕೆ ಹತ್ತಿರವೇ ಇರುತ್ತದೆ. ಅದಕ್ಕೇ ಇಂದು ಕಾಂಪೋಸಿಟ್ ಕೆಡಲು ದೊಡ್ಡ ಕಾರಣ ಸವೆತವಲ್ಲ. ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದು ಮತ್ತು ಮುರಿಯುವುದು, ಇವೆರಡೇ ಮುಂದಿವೆ.

ಡಬ್ಬಿಯ ಜೊತೆ ಬರುವ ಹಾಳೆಯಲ್ಲಿ ಒಂದೇ ಒಂದು ಅಂಕಿ ನೋಡುವುದಾದರೆ ಫಿಲ್ಲರ್ (ರಾಳದೊಳಗಿನ ಕಣ) ಪ್ರಮಾಣ ನೋಡಿ, ಅದೂ ಗಾತ್ರದ, ಅಂದರೆ ತುಂಬುವ ಜಾಗದ ಲೆಕ್ಕದಲ್ಲಿ. ತೂಕದ ಲೆಕ್ಕದಲ್ಲಿ 78 ಶೇಕಡ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಗಾಜಿನ ಕಣ ರಾಳಕ್ಕಿಂತ ಭಾರ, ಹಾಗಾಗಿ ಅದೇ ವಸ್ತು ಗಾತ್ರದ ಲೆಕ್ಕದಲ್ಲಿ 60ರ ಸುಮಾರಿಗೆ ಇಳಿಯುತ್ತದೆ. ಎದುರು ಹಲ್ಲು ತಾಗುವ ಜಾಗಕ್ಕೆ 55ರಿಂದ 65 ಶೇಕಡ ಇರುವ ವಸ್ತು ಬೇಕು. ಸುಲಭವಾಗಿ ಹರಿಯುವ ಫ್ಲೋಯಬಲ್‌ಗಳಲ್ಲಿ ಹಲವು 50ಕ್ಕಿಂತ ಕೆಳಗಿರುತ್ತವೆ. ಕ್ಯಾವಿಟಿಯ (ಹುಳುಕು ತೆಗೆದ ಕುಳಿ) ತಳಕ್ಕೆ ಹಾಸಲು ಅವು ಸರಿ. ಮೇಲ್ಮೈಯಲ್ಲಿ ಬಿಟ್ಟರೆ ತಗ್ಗು ಗ್ಯಾರಂಟಿ. ಫ್ಲೋಯಬಲ್ ರೂಪದ ಬಲ್ಕ್‌ಫಿಲ್ (ಒಂದೇ ಸಲ ದಪ್ಪವಾಗಿ ತುಂಬುವ ಕಾಂಪೋಸಿಟ್) ಬಳಸಿದರೆ ಮೇಲಿನ 2 ಮಿ.ಮೀ. ಜಾಗ ಉಳಿಸಿ ಗಟ್ಟಿ ಕಾಂಪೋಸಿಟ್‌ನಿಂದ ಮುಚ್ಚಬೇಕು. ಮುಚ್ಚಳ ಬೇಡವೆಂದು ತಯಾರಕರೇ ಹೇಳುವ ಫ್ಲೋಯಬಲ್‌ಗಳೂ ಬಂದಿವೆ, ಆದರೆ ದವಡೆ ಹಲ್ಲಿನ ಅಗಲವಾದ ಫಿಲ್ಲಿಂಗ್‌ನಲ್ಲಿ ಅವನ್ನು ಮುಚ್ಚದೆ ಬಿಡಲು ನಮಗೆ ಧೈರ್ಯ ಸಾಲದು. ಮೈಕ್ರೋಫಿಲ್ (ಅತಿ ಸೂಕ್ಷ್ಮ ಕಣದ ಕಾಂಪೋಸಿಟ್) ತುಂಬ ಚೆನ್ನಾಗಿ ಹೊಳೆಯುತ್ತದೆ, ತಾಗದ ಜಾಗದಲ್ಲಿ ಸವೆತವನ್ನೂ ಚೆನ್ನಾಗಿ ತಡೆಯುತ್ತದೆ. ಒತ್ತಡ ಬೀಳುವ ಕಡೆ ಮಾತ್ರ ಚಕ್ಕೆ ಏಳುತ್ತದೆ. ಅದರ ಜಾಗ ಮುಂಭಾಗದ ಹಲ್ಲಿನ ಮುಖ ಮತ್ತು ಒಸಡಿನ ಅಂಚು.

ಐಎಸ್‌ಒ 4049 ಮಾನದಂಡ ಜಗಿಯುವ ಮೇಲ್ಮೈಗೆ ಹಾಕುವ, ಬೆಳಕಿನಿಂದ ಗಟ್ಟಿಯಾಗುವ ಕಾಂಪೋಸಿಟ್‌ಗೆ ಕನಿಷ್ಠ 80 ಮೆಗಾಪಾಸ್ಕಲ್ ಬಾಗುವ ಬಲ ಕೇಳುತ್ತದೆ. ಅದು ತಳಮಟ್ಟದ ಅರ್ಹತೆ ಮಾತ್ರ. ಆ ಪರೀಕ್ಷೆಯಲ್ಲಿ ಪಾಸಾದ ವಸ್ತುವನ್ನು ಅರೆಬರೆ ಗಟ್ಟಿಯಾಗಿಸಿದರೆ ಎಲ್ಲ ಲೆಕ್ಕವೂ ತಲೆಕೆಳಗು.

ಅರೆಬರೆ ಗಟ್ಟಿಯಾಗುವುದು ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಬೆಳಕಿನಿಂದ. ಸಾಮಾನ್ಯ 2 ಮಿ.ಮೀ. ಪದರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 20 ಜೂಲ್ ಶಕ್ತಿ ತಲುಪಿಸುವ ಲೆಕ್ಕ ಇಟ್ಟುಕೊಂಡರೆ ಹೆಚ್ಚಿನ ವಸ್ತುಗಳಿಗೆ ಸಾಕು: ಚದರ ಸೆಂಟಿಮೀಟರಿಗೆ 1,000 ಮಿಲಿವ್ಯಾಟ್ ಕೊಡುವ ಲೈಟ್ ಆದರೆ 20 ಸೆಕೆಂಡ್, 500 ಕೊಡುವ ಹಳೆಯ ಲೈಟ್ ಆದರೆ 40. ಆದರೆ ಆ ಅಂಕಿ ಲೈಟಿನ ತುದಿಯಲ್ಲಿ ಅಳೆದದ್ದು. ಹಿಂದಿನ ದವಡೆಯ ಆಳವಾದ ಪೆಟ್ಟಿಗೆಯಾಕಾರದ ಕ್ಯಾವಿಟಿಯಲ್ಲಿ ತುದಿಯಿಂದ ತಳಕ್ಕೆ 6-8 ಮಿ.ಮೀ. ದೂರವಿರುತ್ತದೆ, ಹಲವು ಲೈಟ್‌ಗಳಲ್ಲಿ ಅಲ್ಲಿಗೆ ತಲುಪುವುದು ಅರ್ಧದಷ್ಟೇ. ತಳದ ಮೊದಲ ಪದರಕ್ಕೆ ಸಮಯ ಎರಡು ಪಟ್ಟು ಮಾಡಿ. ಹಲ್ಲು ಬಿಸಿಯಾಗದಂತೆ ನಡುವೆ ಬಿಡುವು ಕೊಡಿ ಅಥವಾ ಗಾಳಿ ಊದಿ. ತುದಿ ಓರೆಯಾದರೆ ಕಸ್ಪ್‌ನ (ಜಗಿಯುವ ಹಲ್ಲಿನ ಏರುತುದಿ) ನೆರಳು ಬೀಳುತ್ತದೆ. ತುದಿಗೆ ಒಣಗಿದ ಕಾಂಪೋಸಿಟ್ ಅಂಟಿದ್ದರೆ ಬೆಳಕು ಅಲ್ಲೇ ಸತ್ತಂತೆ. ತಿಂಗಳಿಗೊಮ್ಮೆ ರೇಡಿಯೋಮೀಟರ್‌ನಲ್ಲಿ ನೋಡಿ ಬರೆದಿಟ್ಟರೆ ಲೈಟ್ ಸೋಲುವುದು ಮೊದಲೇ ಗೊತ್ತಾಗುತ್ತದೆ. ಮೇಲೆ ಗಟ್ಟಿ, ಒಳಗೆ ಮೆತ್ತಗೆ ಇರುವ ಫಿಲ್ಲಿಂಗ್ ಮುಟ್ಟಿದಾಗ ಗೊತ್ತಾಗುವುದೇ ಇಲ್ಲವಲ್ಲ!

ಕೊನೆಯ ಪದರದ ಮೇಲೆ ಗಾಳಿಯ ಆಮ್ಲಜನಕ ತಾಗಿ ಕೆಲವು ಮೈಕ್ರಾನ್ ದಪ್ಪದ ಅಂಟಂಟು ಪೊರೆ ಉಳಿಯುತ್ತದೆ. ತುಸು ಹೆಚ್ಚು ತುಂಬಿ ಆಮೇಲೆ ತಿದ್ದುವವರಿಗೆ ತೊಂದರೆಯಿಲ್ಲ, ಆ ಪೊರೆ ಬರ್‌ನ (ಡ್ರಿಲ್‌ನ ತುದಿ) ಜೊತೆಗೆ ಹೋಗುತ್ತದೆ. ಗಟ್ಟಿಯಾಗುವ ಮೊದಲೇ ಗುಂಡಿ-ಗೆರೆಗಳನ್ನೆಲ್ಲ ಚೆಂದವಾಗಿ ಕೆತ್ತಿ, ಬರ್ ಮುಟ್ಟಿಸದೆ ಬಿಡುವವರ ಫಿಲ್ಲಿಂಗ್‌ನಲ್ಲಿ ಅದು ಹಾಗೇ ಉಳಿದು ಮೊದಲ ತಿಂಗಳುಗಳಲ್ಲೇ ಬಣ್ಣ ಹಿಡಿದು ಸವೆಯುತ್ತದೆ. ಗ್ಲಿಸರಿನ್ ಜೆಲ್ ಹಚ್ಚಿ ಇನ್ನೊಮ್ಮೆ 20 ಸೆಕೆಂಡ್ ಬೆಳಕು ಕೊಟ್ಟರೆ ತೀರಿತು.

ಇನ್ನೊಂದು ಕೆಟ್ಟ ಅಭ್ಯಾಸ ಉಪಕರಣಕ್ಕೆ ಕಾಂಪೋಸಿಟ್ ಅಂಟದಿರಲಿ ಎಂದು ಬಾಂಡಿಂಗ್ ದ್ರವದಲ್ಲಿ (ಕಾಂಪೋಸಿಟ್ ಅನ್ನು ಹಲ್ಲಿಗೆ ಅಂಟಿಸುವ ರಾಳ) ಅದ್ದುವುದು. ಮೇಲ್ಮೈಯ ಫಿಲ್ಲರ್ ಪ್ರಮಾಣ ಅಲ್ಲೇ ತೆಳುವಾಗುತ್ತದೆ, ಅದರಲ್ಲಿ ದ್ರಾವಕ ಇದ್ದರೆ ಇನ್ನೂ ಕೆಟ್ಟದು. ಒಣ, ಸ್ವಚ್ಛ ಉಪಕರಣ ಸಾಕು. ತಿದ್ದುವಾಗ ಒರಟು ಡೈಮಂಡ್ ಬೇಡ. ಅದು ಮೇಲ್ಮೈಯ ಕೆಳಗೆ ಸಣ್ಣ ಬಿರುಕು ಬಿಟ್ಟುಹೋಗುತ್ತದೆ. ನಯವಾದ ಡೈಮಂಡ್ ಅಥವಾ 12 ಅಲಗಿನ ಕಾರ್ಬೈಡ್, ನೀರು ಬಿಡುತ್ತಾ ಹಗುರ ಕೈ, ಆಮೇಲೆ ರಬ್ಬರ್ ಕಪ್ ಅಥವಾ ಡಿಸ್ಕ್. ಜೊಲ್ಲು ಬಂದರೆ ಪದರಗಳ ನಡುವಿನ ಬೆಸುಗೆಯೇ ಹೋಗುತ್ತದೆ. ಆದ್ದರಿಂದ ರಬ್ಬರ್ ಡ್ಯಾಮ್ (ಹಲ್ಲನ್ನು ಜೊಲ್ಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ), ಅದಾಗದಿದ್ದರೆ ಗಟ್ಟಿಯಾದ ಒಣಗುವಿಕೆಯ ಏರ್ಪಾಡು. ಎರಡೂ ಆಗದ ಜಾಗದಲ್ಲಿ ಕಾಂಪೋಸಿಟ್ ಹಾಕಲೇಬಾರದು.

ಇಷ್ಟಾದರೂ ಒಂದು ಮಾತು ಉಳಿಯಿತು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು. ಡ್ರಿಲ್ ಹಿಡಿಯುವ ಮೊದಲೇ ಆರ್ಟಿಕ್ಯುಲೇಟಿಂಗ್ ಪೇಪರ್ ಕಚ್ಚಿಸಿ ಗುರುತು ನೋಡಿ. ಎದುರು ಹಲ್ಲಿನ ತುದಿ ಎಲ್ಲಿ ಕೂರುತ್ತದೆ? ಸಾಧ್ಯವಾದರೆ ಆ ಗುರುತು ಎನಾಮೆಲ್ ಮೇಲೇ ಉಳಿಯುವಂತೆ, ಕನಿಷ್ಠ ಪಕ್ಷ ಫಿಲ್ಲಿಂಗ್‌ನ ಅಂಚಿನ ಮೇಲೆ ಬೀಳದಂತೆ ಕ್ಯಾವಿಟಿಯ ಗೆರೆ ಎಳೆಯಿರಿ. ಅಕ್ಕಪಕ್ಕದ ಎನಾಮೆಲ್ ಹೊರೆ ಹೊತ್ತರೆ ನಡುವಿನ ಕಾಂಪೋಸಿಟ್ ನೆರಳಲ್ಲಿ ಇದ್ದಂತೆ. ಅದೇ ವಸ್ತು, ಅದೇ ಕೈ. ಆದರೆ ಪ್ರಿಮೋಲಾರ್‌ನ ಸಣ್ಣ ಗುಂಡಿಗಿಂತ ದವಡೆಯ ಅಗಲವಾದ ಫಿಲ್ಲಿಂಗ್ ಎಷ್ಟೋ ಬೇಗ ಸವೆಯಲು ಕಾರಣ ಇದೇ. ತುಂಬಿದ ಮೇಲೆ ಎತ್ತರ ಉಳಿದಿದ್ದರೆ "ಕೆಲವು ದಿನದಲ್ಲಿ ತಾನೇ ಸವೆದು ಸರಿಯಾಗುತ್ತದೆ" ಎಂದು ಕಳುಹಿಸುವುದು ಬೇಡ. ಸವೆಯುವ ಮೊದಲು ನೋವು ಬರುತ್ತದೆ ಅಥವಾ ಅಂಚು ಮುರಿಯುತ್ತದೆ.

ಅಮಾಲ್ಗಂ

ಸವೆತ ಒಂದನ್ನೇ ನೋಡಿದರೆ ಅಮಾಲ್ಗಂ ಇಂದಿಗೂ ಒಳ್ಳೆಯ ವಸ್ತು. ಎನಾಮೆಲ್‌ನ ಹತ್ತಿರದ ವೇಗದಲ್ಲಿ ಸವೆಯುತ್ತದೆ, ಎದುರು ಹಲ್ಲಿಗೆ ಹೆಚ್ಚು ಹಾನಿ ಮಾಡುವುದಿಲ್ಲ, ಸ್ವಲ್ಪ ತೇವವನ್ನೂ ತಡೆದುಕೊಳ್ಳುತ್ತದೆ. 1963ರಲ್ಲಿ ತಾಮ್ರದ ಅಂಶ ಹೆಚ್ಚಿಸಿದ ಮಿಶ್ರಲೋಹ ಬಂದ ಮೇಲೆ, ತವರ-ಪಾದರಸದ ಮೆತ್ತಗಿನ ಹಂತ ಬಹುತೇಕ ಇಲ್ಲವಾಗಿ ಅಂಚು ಒಡೆಯುವುದೂ ತುಂಬ ಕಡಿಮೆಯಾಯಿತು. ಹಳೆಯ ಅಮಾಲ್ಗಂನ ಅಂಚಿನಲ್ಲಿ ಕಾಲುವೆಯಂತೆ ಕಾಣುವುದು ಹೆಚ್ಚಾಗಿ ಈ ಒಡೆತ, ಸವೆತವಲ್ಲ.

ಕೆಲಸದಲ್ಲಿ ತಪ್ಪುವುದು ಎರಡು ಕಡೆ. ಸಾಲದಷ್ಟು ಮಿಶ್ರಣ ಮಾಡಿದ ಅಮಾಲ್ಗಂ ಹೊಳಪಿಲ್ಲದೆ ಪುಡಿಪುಡಿಯಾಗಿರುತ್ತದೆ, ಅದು ಎಂದೂ ಬಲ ಪಡೆಯುವುದಿಲ್ಲ. ಒತ್ತುವಾಗ ಮೇಲೆ ಬರುವ ಪಾದರಸ ಹೆಚ್ಚಿರುವ ಪದರವನ್ನು, ತುಸು ಜಾಸ್ತಿ ತುಂಬಿ ಕೆತ್ತಿ ತೆಗೆಯದಿದ್ದರೆ ಮೇಲ್ಮೈಯೇ ದುರ್ಬಲ. ದಪ್ಪ ಕನಿಷ್ಠ 1.5ರಿಂದ 2 ಮಿ.ಮೀ. ಬೇಕು. ಪೂರ್ಣ ಬಲಕ್ಕೆ ಸುಮಾರು 24 ಗಂಟೆ, ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ ಜಗಿಯಬಾರದು.

ಆದರೂ ಅದು ಆಯ್ಕೆಯ ಪಟ್ಟಿಯಿಂದ ಜಾರುತ್ತಿರುವುದು ಸವೆತದ ಕಾರಣಕ್ಕಲ್ಲ. ತಾನಾಗಿ ಹಲ್ಲಿಗೆ ಅಂಟದ ಕಾರಣ ಹಿಡಿತಕ್ಕಾಗಿ ಗಟ್ಟಿ ಹಲ್ಲನ್ನೂ ಕೊರೆಯಬೇಕು, ಬಣ್ಣ ಬೇರೆ, ಜೊತೆಗೆ ಪಾದರಸ. 2013ರ ಮಿನಮಾಟಾ ಒಪ್ಪಂದ ಅದರ ಬಳಕೆ ತಗ್ಗಿಸಲು ದಾರಿ ಹಾಕಿತು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭ ಬಿಟ್ಟು, ನಿಲ್ಲಿಸಿದೆ. ಬಾಯಲ್ಲಿ ಈಗಾಗಲೇ ಇರುವ ಗಟ್ಟಿ ಅಮಾಲ್ಗಂ ಅನ್ನು ಹಳೆಯದು ಎಂಬ ಒಂದೇ ಕಾರಣಕ್ಕೆ ತೆಗೆಯಬೇಕಿಲ್ಲ.

ಗ್ಲಾಸ್ ಅಯಾನೊಮರ್: ಸವೆಯುತ್ತದೆ, ಆದರೂ ಬೇಕು

1970ರ ದಶಕದ ಆರಂಭದಲ್ಲಿ ಬಂದ ಈ ಸಿಮೆಂಟ್, ಜಿಐಸಿ, ನೇರವಾಗಿ ಹಲ್ಲಿಗೆ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಹೆಚ್ಚು ಉಪಕರಣ ಕೇಳುವುದಿಲ್ಲ. ಸವೆತದಲ್ಲಿ ಮಾತ್ರ ಈ ಸಾಲಿನಲ್ಲೇ ಹಿಂದೆ. ಐಎಸ್‌ಒ 9917-1 ಫಿಲ್ಲಿಂಗ್ ದರ್ಜೆಯ ಜಿಐಸಿಗೆ ಕೇಳುವುದೇ 100 ಮೆಗಾಪಾಸ್ಕಲ್ ಒತ್ತು ಬಲ. ದವಡೆಗೆಂದು ಮಾಡಿದ ಹೆಚ್ಚು ಗಟ್ಟಿಮಿಶ್ರಣದ ಜಿಐಸಿಗಳು ಅದನ್ನು ಎಷ್ಟೋ ದಾಟುತ್ತವೆ, ಆದರೆ ಕಾಂಪೋಸಿಟ್‌ನ ಮಟ್ಟ ಮುಟ್ಟುವುದಿಲ್ಲ.

ಇದರ ಸವೆತಕ್ಕೆ ಒಂದು ವಿಚಿತ್ರ ಗುಣವಿದೆ: ಮೊದಲು ಹೆಚ್ಚು, ಆಮೇಲೆ ಕಡಿಮೆ. ಆಮ್ಲ ಮತ್ತು ಗಾಜಿನ ನಡುವಿನ ಕ್ರಿಯೆ ಕೆಲವೇ ನಿಮಿಷದಲ್ಲಿ ಗಟ್ಟಿಯಾದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಮಾಗುತ್ತಲೇ ಇರುತ್ತದೆ. ಆ ಎಳೆಯ ಅವಧಿಯಲ್ಲಿ ನೀರು ತಾಗಿದರೆ ಮೇಲ್ಮೈ ಕರಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಮೇಲೆ ಬೆಳಕಿನಿಂದ ಗಟ್ಟಿಯಾಗುವ ರಾಳದ ಲೇಪ ಹಚ್ಚುವುದು ಅಲಂಕಾರಕ್ಕಲ್ಲ. ಕೆಲವು ಹತ್ತು ಮೈಕ್ರಾನ್ ದಪ್ಪದ ಆ ಲೇಪ ಸವೆದು ಹೋಗುವಷ್ಟರಲ್ಲಿ ಕೆಳಗಿನ ಸಿಮೆಂಟ್ ಮಾಗಿರುತ್ತದೆ. ಪೆಟ್ರೋಲಿಯಂ ಜೆಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಕೈಯಲ್ಲಿ ಕಲಸುವಾಗ ಸವೆತದ ಅರ್ಧ ಭವಿಷ್ಯ ಅಲ್ಲೇ ಬರೆದಾಗುತ್ತದೆ. ದವಡೆಗೆ ಹಾಕುವ ಗಟ್ಟಿಮಿಶ್ರಣದಲ್ಲಿ ಪುಡಿ-ದ್ರವದ ತೂಕದ ಅನುಪಾತ 3.6ಕ್ಕೆ 1ರ ಆಸುಪಾಸು ಇರುತ್ತದೆ. ನಿಮ್ಮ ಡಬ್ಬಿ ಹೇಳುವ ಅಂಕಿಯೇ ಕೊನೆಯ ಮಾತು. ಪುಡಿಯ ಬಾಟಲಿ ಅಲ್ಲಾಡಿಸಿ, ಚಮಚದ ಅಂಚಿಗೆ ಸಮ ಮಾಡಿ. ದ್ರವದ ಬಾಟಲಿ ನೆಟ್ಟಗೆ ಕೆಳಮುಖವಾಗಿ ಹಿಡಿದು, ಗುಳ್ಳೆ ಇಲ್ಲದ ಪೂರ್ತಿ ಹನಿ ಬಿಡಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಗಟ್ಟಿಯೆನಿಸಿತೆಂದು ಇನ್ನೊಂದು ಹನಿ ಸೇರಿಸಿದರೆ ಕೈಗೆ ಹಾಯಾಗುತ್ತದೆ, ಫಿಲ್ಲಿಂಗ್ ಆಮ್ಲಕ್ಕೂ ಜಗಿತಕ್ಕೂ ಬಲಿಯಾಗುತ್ತದೆ. ಅರ್ಧ ನಿಮಿಷದೊಳಗೆ ಕಲಸಿ ಮುಗಿಸಿ, ಮೇಲ್ಮೈ ಹೊಳೆಯುತ್ತಿರುವಾಗಲೇ ತುಂಬಿ. ಹೊಳಪು ಹೋಗಿದ್ದರೆ ಎಸೆಯಿರಿ, ಅದು ಇನ್ನು ಹಲ್ಲಿಗೆ ಅಂಟುವುದಿಲ್ಲ. ಕ್ಯಾಪ್ಸೂಲ್ ಈ ತಲೆನೋವನ್ನೆಲ್ಲ ತಪ್ಪಿಸುತ್ತದೆ.

ಆಮ್ಲ ಹೆಚ್ಚಿರುವ ಬಾಯಿಗೆ ಜಿಐಸಿ ಬೇಡ. ಇದೇ ಕಾರಣಕ್ಕೆ ಜಿಐಸಿ ಅಥವಾ ಸೆರಾಮಿಕ್ ಇರುವವರಿಗೆ 1.23 ಶೇಕಡದ ಆಮ್ಲೀಯ ಫ್ಲೋರೈಡ್ ಜೆಲ್ ಹಚ್ಚಬಾರದು. ಅದು ಗಾಜನ್ನೇ ತಿನ್ನುತ್ತದೆ. ಆಮ್ಲವಿಲ್ಲದ ಸೋಡಿಯಂ ಫ್ಲೋರೈಡ್ ಬಳಸಿ.

ರಾಳ ಬೆರೆಸಿದ ಜಿಐಸಿ ಬೆಳಕಿಗೆ ತಕ್ಷಣ ಗಟ್ಟಿಯಾಗುತ್ತದೆ, ಬಣ್ಣವೂ ಚೆಂದ. ಹೀಗಾಗಿ ಅದು ಸವೆತದಲ್ಲೂ ಮೇಲು ಎಂದು ತಿಳಿಯುವವರಿದ್ದಾರೆ. ಸವೆತ ಯಂತ್ರಗಳಲ್ಲಿ ಹಲವು ಸಲ ಅದು ಗಟ್ಟಿಮಿಶ್ರಣದ ಸಾದಾ ಜಿಐಸಿಗಿಂತ ಹೆಚ್ಚೇ ಸವೆದಿದೆ. ಅದನ್ನು ಒಸಡಿನ ಅಂಚಿಗೂ ಬೇರಿನ ಮೇಲ್ಮೈಗೂ ಮೀಸಲಿಡಿ. 1990ರ ದಶಕದಲ್ಲಿ ಬಂದ ಕಾಂಪೋಮರ್ ಕಾಂಪೋಸಿಟ್ ಮತ್ತು ಜಿಐಸಿಯ ನಡುವೆ ನಿಲ್ಲುತ್ತದೆ, ಹಾಲುಹಲ್ಲಿನಲ್ಲಿ ಈಗಲೂ ಕೆಲಸಕ್ಕೆ ಬರುತ್ತದೆ.

ಸೆರಾಮಿಕ್, ಚಿನ್ನ ಮತ್ತು ಎದುರಿನ ಹಲ್ಲು

ಹೊರಗೆ ಮಾಡಿ ತಂದು ಅಂಟಿಸುವ ಇನ್‌ಲೇ (ಹಲ್ಲಿನೊಳಗೆ ಕೂರುವುದು), ಆನ್‌ಲೇ (ಕಸ್ಪ್ ಕೂಡ ಮುಚ್ಚುವುದು)ಗಳಲ್ಲಿ ಪ್ರಶ್ನೆ ತಿರುಗುತ್ತದೆ: ಇವು ಎಷ್ಟು ಸವೆಯುತ್ತವೆ ಎಂಬುದಕ್ಕಿಂತ ಎದುರಿನದನ್ನು ಎಷ್ಟು ಸವೆಸುತ್ತವೆ? ಹಳೆಯ ಫೆಲ್ಡ್‌ಸ್ಪಾರ್ ಪೋರ್ಸೆಲಿನ್ ಈ ವಿಷಯದಲ್ಲಿ ಕುಖ್ಯಾತ. ಅತಿ ಗಡಸಾದ ಜಿರ್ಕೋನಿಯಾ, ಚೆನ್ನಾಗಿ ಪಾಲಿಶ್ ಮಾಡಿದ್ದರೆ, ಪೋರ್ಸೆಲಿನ್‌ಗಿಂತ ಎದುರು ಎನಾಮೆಲ್‌ಗೆ ಮೃದುವಾಗಿ ವರ್ತಿಸುತ್ತದೆ. ನಯವಾದ ಮೇಲ್ಮೈ ಗಡಸಾಗಿದ್ದರೂ ಜಾರುತ್ತದೆ, ಒರಟಾದದ್ದು ಅರದಂತೆ ಕೆಲಸ ಮಾಡುತ್ತದೆ.

ಅಪಾಯ ಇರುವುದು ಅಂಟಿಸಿದ ಮೇಲಿನ ಆ ಎರಡು ನಿಮಿಷದಲ್ಲಿ. ಕಚ್ಚು ಎತ್ತರವಾಗಿದೆ ಎಂದು ಡೈಮಂಡ್ ಬರ್‌ನಿಂದ ಕೆರೆದು, ಪಾಲಿಶ್ ಮಾಡದೆ ಕಳುಹಿಸಿದರೆ ಆ ಒಂದು ಗೀರಿನ ಜಾಗವೇ ಎದುರು ಹಲ್ಲನ್ನು ತಿನ್ನುತ್ತದೆ. ಸೆರಾಮಿಕ್‌ಗೆಂದೇ ಇರುವ ಡೈಮಂಡ್ ರಬ್ಬರ್‌ಗಳನ್ನು ಒರಟಿನಿಂದ ನಯದವರೆಗೆ ಅನುಕ್ರಮವಾಗಿ, ಒಂದನ್ನೂ ಬಿಡದೆ ಓಡಿಸಬೇಕು. ಗ್ಲೇಜ್ (ಮೇಲಿನ ತೆಳು ಗಾಜಿನ ಲೇಪ) ನಂಬಬೇಡಿ. ತಾಗುವ ಜಾಗದಲ್ಲಿ ಅದು ಬೇಗ ಹೋಗುತ್ತದೆ, ಕೆಳಗೆ ಪಾಲಿಶ್ ಇರದಿದ್ದರೆ ಒರಟು ಮೈ ಹೊರಬರುತ್ತದೆ.

ಸೆರಾಮಿಕ್ ಸವೆಯದಿದ್ದರೂ ಅದರ ಸುತ್ತಲಿನ ರಾಳದ ಸಿಮೆಂಟ್ ಸವೆಯುತ್ತದೆ. ಸಂದು ಅಗಲವಾದಷ್ಟೂ ಆಳ ಹೆಚ್ಚು, ಅಗಲದ ಸುಮಾರು ಅರ್ಧದಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅಂದಾಜು. 100 ಮೈಕ್ರಾನ್ ಒಳಗಿನ ಸಂದು ತಡೆದುಕೊಳ್ಳಬಹುದು. ಸಡಿಲ ಕೂತ ಇನ್‌ಲೇಯನ್ನು ಸಿಮೆಂಟ್ ತುಂಬಿಸಿ ಮುಚ್ಚಿಕೊಳ್ಳಲಾಗದು. ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್‌ಗೆ ಜಗಿಯುವ ಮೇಲ್ಮೈಯಲ್ಲಿ 1ರಿಂದ 1.5 ಮಿ.ಮೀ. ದಪ್ಪ ಉಳಿಸಿಕೊಳ್ಳಿ. ಕಾರ್ಖಾನೆಯಲ್ಲೇ ಪೂರ್ತಿ ಗಟ್ಟಿಯಾಗಿಸಿದ ಕಾಂಪೋಸಿಟ್ ಬ್ಲಾಕ್‌ಗಳು ಸೆರಾಮಿಕ್‌ಗಿಂತ ಹೆಚ್ಚು ಸವೆಯುತ್ತವೆ, ಎದುರು ಹಲ್ಲನ್ನು ಕಡಿಮೆ ಸವೆಸುತ್ತವೆ.

ಚಿನ್ನದ ಮಿಶ್ರಲೋಹದ ಎರಕ, ಬಣ್ಣ ಒಪ್ಪುವವರಿಗೆ, ಇಂದಿಗೂ ಎದುರು ಹಲ್ಲಿಗೆ ಅತಿ ಸ್ನೇಹಿ. ಅದನ್ನು ಕೇಳುವವರೇ ಕಡಿಮೆ.

ಹಾಗಾದರೆ ಎಲ್ಲಿ ಯಾವುದು?

ದವಡೆ ಹಲ್ಲಿನ ಗುಂಡಿಯಲ್ಲಿ ಸಣ್ಣ ಅಥವಾ ಮಧ್ಯಮ ಹುಳುಕು, ಜಾಗ ಒಣಗಿಸಬಹುದು ಎಂದಾದರೆ ನ್ಯಾನೋಹೈಬ್ರಿಡ್ ಅಥವಾ ಮೈಕ್ರೋಹೈಬ್ರಿಡ್ ಕಾಂಪೋಸಿಟ್. ಇಲ್ಲಿ ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಇರುವ ಸವೆತದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಫಿಲ್ಲಿಂಗ್ ಅಗಲವಾಗಿ ಕಸ್ಪ್ ಕೂಡ ಹೋಗಿದ್ದರೆ, ಎದುರು ಹಲ್ಲಿನ ಹೊರೆಯೆಲ್ಲ ವಸ್ತುವಿನ ಮೇಲೇ ಬೀಳುತ್ತದೆ. ಆಗ ಆನ್‌ಲೇ ಮಾತು ಎತ್ತಬೇಕು. ನೇರವಾಗಿಯೇ ಕಾಂಪೋಸಿಟ್‌ನಲ್ಲಿ ಕಟ್ಟಬಹುದು, ಆದರೆ ಸವೆತದ ದುರಸ್ತಿ ಬರುತ್ತದೆ ಎಂದು ಮೊದಲೇ ಹೇಳಿಡಿ. ಅಂಚು ಒಸಡಿನ ಕೆಳಗೆ ಇಳಿದು ತೇವ ತಡೆಯಲಾಗದಿದ್ದರೆ ಕೆಳಗೆ ಜಿಐಸಿ ಹಾಕಿ, ಮೇಲೆ 2 ಮಿ.ಮೀ. ಕಾಂಪೋಸಿಟ್‌ನ ಮುಚ್ಚಳ. ಜಗಿತ ಬೀಳುವ ಕಡೆ ಸವೆಯದ್ದು, ತೇವ ಇರುವ ಕಡೆ ಅಂಟುವುದು.

ಹಲ್ಲು ಮಸೆಯುವವರಲ್ಲಿ ಯಾವ ವಸ್ತುವೂ ಗೆಲ್ಲುವುದಿಲ್ಲ. ಸೆರಾಮಿಕ್ ಹಾಕಿದರೆ ಸೋಲುವುದು ಎದುರು ಹಲ್ಲು, ಇಲ್ಲವೇ ಸೆರಾಮಿಕ್‌ನ ಅಂಚು. ಕಾಂಪೋಸಿಟ್ ಹಾಕಿದರೆ ಕಾಂಪೋಸಿಟ್ಟೇ ಸವೆಯುತ್ತದೆ. ದುರಸ್ತಿ ಸುಲಭವಾದದ್ದನ್ನು ಆರಿಸಿ, ಅಂದರೆ ಕಾಂಪೋಸಿಟ್ ಅಥವಾ ಲೋಹ. ರಾತ್ರಿ ಹಾಕಿಕೊಳ್ಳಲು ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರುವ ಕವಚ) ಕೊಡಿ. ಮಸೆಯುವ ಜಾಗಕ್ಕೆ ಜಿಐಸಿ ಹಾಕಿದರೆ ತಿಂಗಳುಗಳಲ್ಲೇ ತಗ್ಗು ಕಾಣುತ್ತದೆ. ಆಮ್ಲದಿಂದ ಕರಗಿದ ಹಲ್ಲಿಗೂ ಕಾಂಪೋಸಿಟ್ಟೇ ಒಳ್ಳೆಯದು, ಆದರೆ ಆಮ್ಲದ ಮೂಲ ನಿಲ್ಲದಿದ್ದರೆ ಸುತ್ತಲಿನ ಹಲ್ಲು ಇಳಿಯುತ್ತಲೇ ಹೋಗುತ್ತದೆ.

ಒಸಡಿನ ಅಂಚಿನ ತೋಡಿಗೆ ಮೈಕ್ರೋಫಿಲ್, ಚೆನ್ನಾಗಿ ಹೊಳಪು ಬರುವ ನ್ಯಾನೋ ಕಾಂಪೋಸಿಟ್, ಅಥವಾ ರಾಳ ಬೆರೆಸಿದ ಜಿಐಸಿ. ಟೂತ್‌ಪೇಸ್ಟ್‌ನ ಒರಟುತನದ ಅಳತೆ ಆರ್‌ಡಿಎ. 250ರವರೆಗೆ ಮಾನದಂಡ ಒಪ್ಪುತ್ತದೆ, ಇಂಥವರಿಗೆ 100ಕ್ಕಿಂತ ಕಡಿಮೆಯದು ಮತ್ತು ಮೃದು ಬ್ರಷ್ ಹೇಳಿ. ಬಾಯಿ ಒಣಗುವ ವೃದ್ಧರ ಬೇರಿನ ಹುಳುಕಿಗೆ ಜಿಐಸಿ, ಸವೆಯುವುದು ಗೊತ್ತಿದ್ದೂ. ಅಲ್ಲಿ ಜಗಿತ ಬೀಳುವುದಿಲ್ಲ, ಹುಳುಕೇ ಮುಖ್ಯ ಶತ್ರು. ಹಾಲುಹಲ್ಲಿಗೆ ಅದು ಉದುರಲು ಎಷ್ಟು ವರ್ಷ ಉಳಿದಿದೆ ಎಂದು ಎಣಿಸಿ. ಒಂದೇ ಮೇಲ್ಮೈಯ ಹುಳುಕು, ಎರಡು ಮೂರು ವರ್ಷ ಸಾಕು ಎಂದರೆ ಗಟ್ಟಿಮಿಶ್ರಣದ ಜಿಐಸಿ ಸಾಕು. ಹಲವು ಮೇಲ್ಮೈ ಹೋಗಿದ್ದರೆ ಸ್ಟೀಲ್ ಕ್ರೌನ್ ಎಲ್ಲ ಫಿಲ್ಲಿಂಗ್‌ಗಳಿಗಿಂತ ಬಾಳಿಕೆ ಬರುತ್ತದೆ.

ಜಾಹೀರಾತಿನ ಸವೆತ ನಕ್ಷೆ

ಕಂಪನಿಗಳ ಕರಪತ್ರದಲ್ಲಿ ಬರುವ ಕಂಬದ ನಕ್ಷೆಗಳನ್ನು ನೋಡುವಾಗ ಯಂತ್ರ ಯಾವುದು ಎಂದು ಮೊದಲು ಕೇಳಿ. ಆಮ್‌ಸ್ಟರ್‌ಡ್ಯಾಮ್‌ನ ಆಕ್ಟಾ ಯಂತ್ರದಲ್ಲಿ ಚಕ್ರಗಳ ನಡುವೆ ಅಕ್ಕಿ ಮತ್ತು ಸಿರಿಧಾನ್ಯದ ಹಿಟ್ಟುಗಂಜಿ ಇರುತ್ತದೆ, ಆರಿಗನ್‌ನ ಯಂತ್ರದಲ್ಲಿ ಗಸಗಸೆ ಮತ್ತು ಪ್ಲಾಸ್ಟಿಕ್ ಮಣಿಗಳು. ಇನ್ನು ಕೆಲವು ಯಂತ್ರಗಳಲ್ಲಿ ಬರೀ ನೀರು, ಸೆರಾಮಿಕ್ ಗುಂಡು. ಒಂದೇ ವಸ್ತು ಒಂದರಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ಕೊನೆಯ ಸ್ಥಾನ ಪಡೆಯುವುದುಂಟು. 49 ನ್ಯೂಟನ್ ಭಾರದಲ್ಲಿ 12 ಲಕ್ಷ ಸಲ ಕಚ್ಚಿಸುವುದು ಬಾಯಿಯ ಐದು ವರ್ಷಕ್ಕೆ ಸಮ ಎಂದು ಬರೆಯುವುದು ರೂಢಿ, ಅಷ್ಟೇ. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಅಕ್ಕಪಕ್ಕ ಇಟ್ಟ ನಕ್ಷೆಯನ್ನು ಮಡಿಸಿ ಬದಿಗಿಡಿ.

ಸವೆತವನ್ನು ಹಿಡಿಯುವುದು, ದುರಸ್ತಿ ಮಾಡುವುದು

ಸವೆದ ಫಿಲ್ಲಿಂಗ್ ರೋಗಿಗೆ ಗೊತ್ತಾಗುವುದು ಕಡಿಮೆ, ಏಕೆಂದರೆ ಎದುರು ಹಲ್ಲು ಮೆಲ್ಲಗೆ ಇಳಿದುಬಂದು ಸಂಪರ್ಕ ಉಳಿಸಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣುವಷ್ಟರಲ್ಲಿ ಹತ್ತಾರು ಮೈಕ್ರಾನ್‌ಗಳ ಲೆಕ್ಕ ದಾಟಿರುತ್ತದೆ. ಒಣಗಿಸಿ, ಪ್ರೋಬ್‌ನ ತುದಿಯನ್ನು ಹಲ್ಲಿನಿಂದ ಫಿಲ್ಲಿಂಗ್ ಕಡೆಗೆ ಎಳೆಯಿರಿ. ಮೆಟ್ಟಿಲು ಇಳಿದಂತೆ ತಾಗಿದರೆ ಅಂಚಿನಲ್ಲಿ ಸವೆತವಿದೆ. ಬಾಯಿಯ ಸ್ಕ್ಯಾನರ್ ಇದ್ದರೆ ತುಂಬಿದ ದಿನವೇ ಒಂದು ಸ್ಕ್ಯಾನ್ ಇಟ್ಟುಕೊಂಡು ವರ್ಷದ ಮೇಲೆ ಹೊಂದಿಸಿ ನೋಡಿದರೆ ವಾದವೇ ಇರುವುದಿಲ್ಲ.

ಅಂಚು ಮುಚ್ಚಿದ್ದು, ಕೆಳಗೆ ಹುಳುಕು ಇಲ್ಲದಿದ್ದರೆ ಇಡೀ ಫಿಲ್ಲಿಂಗ್ ಕಿತ್ತು ಹಾಕುವುದು ಬೇಡ, ಪ್ರತಿ ಸಲ ಕಿತ್ತಾಗ ಹಲ್ಲೂ ಸ್ವಲ್ಪ ಹೋಗುತ್ತದೆ. ಸವೆದ ಕಾಂಪೋಸಿಟ್‌ನ ಮೇಲ್ಮೈಯನ್ನು ಡೈಮಂಡ್‌ನಿಂದ 1.5 ಮಿ.ಮೀ. ಜಾಗ ಸಿಗುವಷ್ಟು ಇಳಿಸಿ, 50 ಮೈಕ್ರಾನ್ ಅಲ್ಯುಮಿನಾ ಪುಡಿ ಊದಿ ಒರಟು ಮಾಡಿ. ಸುತ್ತಲಿನ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು ಒಣಗಿಸಿ. ಹಳೆಯ ಕಾಂಪೋಸಿಟ್ ಮೇಲೆ ಸೈಲೇನ್ (ಕಣಕ್ಕೆ ರಾಳ ಅಂಟಿಸುವ ದ್ರವ), ಅದು ಒಣಗಿದ ಮೇಲೆ ಬಾಂಡಿಂಗ್, ಬೆಳಕು. ಆಮೇಲೆ ಹೊಸ ಪದರ. ತಗ್ಗಾದ ಜಿಐಸಿಯ ಮೇಲೂ ಹೀಗೇ ಕಾಂಪೋಸಿಟ್ ಕೂರಿಸಬಹುದು, ಸೈಲೇನ್ ಮಾತ್ರ ಬೇಕಿಲ್ಲ. ಎದುರು ಹಲ್ಲು ಈಗಾಗಲೇ ಇಳಿದು ಜಾಗ ನುಂಗಿದ್ದರೆ ಮೊದಲು ಅದರ ತುದಿಯ ಚೂಪನ್ನು ಕೂದಲೆಳೆಯಷ್ಟು ದುಂಡು ಮಾಡಿ, ಹೊಳಪು ಕೊಟ್ಟು, ಆಮೇಲೆ ತುಂಬಿ.